ಸುಮ್ಮನಿದ್ದ ಎಡಗಾಲು

"ಕ್ಲಚ್ ಒತ್ತಿ ಸಾರ್," ಎಂದು ಮೆಕ್ಯಾನಿಕ್ ಹುಚ್ಚಣ್ಣ ಪಕ್ಕದ ಸೀಟಿನಿಂದ ಎರಡನೆಯ ಸಲ ಹೇಳಿದ. "ಮೂವತ್ತು ವರ್ಷ ಜೀಪು ಓಡ್ಸಿದೋರು ನೀವು. ಆಟೊಮ್ಯಾಟಿಕ್ ಬಿಚ್ಚಿ ಗೇರ್ ಹಾಕ್ಸೋರನ್ನ ನಮ್ಮ ಕೆಸರೆ ಏರಿಯಾದಲ್ಲಿ ನಾನು ಇನ್ನೊಬ್ರನ್ನ ಕಂಡಿಲ್ಲ. ಹಾಕ್ಕೊಟ್ಟಿದೀನಿ, ಒತ್ತಿ."

ಮಾಧವರಾಯರು ಹೊಸ ಪೆಡಲನ್ನು ನೋಡಿದರು. ಆಟೊಮ್ಯಾಟಿಕ್ ಕಾರಿನಲ್ಲಿ ಕ್ಲಚ್ಚಿಲ್ಲ, ಎಡಗಾಲಿಗೆ ಕೆಲಸವಿಲ್ಲ. ಆದರೆ ಜೀಪಿನಲ್ಲಿ ಪಳಗಿದ ಅವರ ಕಾಲು ಕ್ಲಚ್ಚೆಂದುಕೊಂಡು ಬ್ರೇಕನ್ನೇ ತುಳಿಯುತ್ತಿತ್ತು. ಅದಕ್ಕೇ ಪ್ರತಿ ಶುಕ್ರವಾರ ಬೆಟ್ಟಕ್ಕೆ ಹೊರಟಾಗ ಹೆಂಡತಿ ಸುಂದರಮ್ಮ ಪಕ್ಕದಲ್ಲಿ ಕುಳಿತು, ಗಂಡನ ಎಡ ಮೊಣಕಾಲಿನ ಮೇಲೆ ಅಂಗೈ ಊರುತ್ತಿದ್ದರು. "ಇದು ಸುಮ್ನಿರ್ಲಿ ಕಣ್ರೀ. ನಾವು ಹೋಗ್ತಿರೋದು ತಾಯಿ ದರ್ಶನಕ್ಕೆ, ಐಕ್ಯ ಆಗೋಕಲ್ಲ," ಎಂದು ನಗುತ್ತಿದ್ದರು. ಆರು ವರ್ಷ ಆ ಕೈ ಅಲ್ಲಿತ್ತು.

ಕೈ ಹೋದ ಮೇಲೆ ರಾಯರು ಕಾಲನ್ನು ನಂಬಲಾರದೆ ಕಾರನ್ನೇ ಮುಟ್ಟಿರಲಿಲ್ಲ. ಈಗ ಹೆಂಡತಿಯ ವರ್ಷಾಬ್ದಿಕ ಮುಗಿದಿದೆ. ಸುಂದರಮ್ಮ ಹರಸಿಕೊಂಡಿದ್ದ ಸೀರೆ ಹಿಂದಿನ ಸೀಟಿನಲ್ಲಿದೆ. ಅದನ್ನು ತಾವೇ ಕಾರು ನಡೆಸಿಕೊಂಡು ಹೋಗಿ ದೇವಿಗೆ ಒಪ್ಪಿಸಬೇಕೆಂಬ ಒಂದೇ ಆಸೆಗೆ, ಎಡಗಾಲಿಗೆ ಅದರ ಹಳೆಯ ಕೆಲಸ ಸಿಗಲೆಂದು ಗೇರ್ ಹಾಕಿಸಿದ್ದರು.

ದೇವಿಯನ್ನು ನೆನೆದು ರಾಯರು ಕಾಲು ಎತ್ತಲು ನೋಡಿದರು. ಅದು ಏಳಲಿಲ್ಲ. ಎರಡೂ ಕೈಯಿಂದ ತೊಡೆ ಹಿಡಿದೆತ್ತಿ ಪೆಡಲಿನ ಮೇಲಿಟ್ಟರು. ಕೈ ಬಿಟ್ಟೊಡನೆ ಕಾಲು ಮೆಲ್ಲನೆ ಜಾರಿ, ಮೊದಲಿನ ಜಾಗಕ್ಕೇ ಬಂದು ಸುಮ್ಮನಾಯಿತು.

"ನೋವಾ ಸಾರ್?"

"ಇಲ್ಲ ಕಣಪ್ಪ," ಎಂದರು ರಾಯರು, ಮೊಣಕಾಲನ್ನೇ ನೋಡುತ್ತ. "ಅವಳು ಹೇಳಿದ್ದನ್ನ ಈಗ ಕಲ್ತಿದೆ."