ದಾರಿ ಬಿಡದವನು

ಹಿಂದಿನಿಂದ ಮತ್ತೆ ಹಾರ್ನ್. ಇದು ಹನ್ನೆರಡನೇ ಸಲವೋ ಹದಿಮೂರನೆಯದೋ, ಗೇಲಾರ್ಡ್ ಎಣಿಸುವುದನ್ನು ಬಿಟ್ಟಿದ್ದ.

ನೆಬ್ರಾಸ್ಕದ ಮರಳುಗುಡ್ಡಗಳ ನಡುವೆ, ಜಲ್ಲಿ ರಸ್ತೆಯಲ್ಲಿ, ಅಡುಗೆಮನೆ, ಮಲಗುವ ಕೋಣೆ ಎಲ್ಲ ಇರುವ ಮೂವತ್ತಾರು ಅಡಿಯ ಮನೆಗಾಡಿ ಓಡಿಸುವವನಿಗೆ ಹಿಂದೆ ಕಾಣುವುದು ಧೂಳು ಮಾತ್ರ. ಮೊದಲು ಮನೆಗಾಡಿ, ಅದರ ಬಾಲಕ್ಕೆ ಕಟ್ಟಿ ಎಳೆಯುವ ಸ್ವಂತ ಪುಟ್ಟ ಕಾರು, ಆಮೇಲೆ ಧೂಳು, ಧೂಳಿನಾಚೆ ಯಾವನೋ ಅವಸರದ ಪುಣ್ಯಾತ್ಮ. ಗೇಲಾರ್ಡ್ ಕಿಟಕಿಯಿಂದ ಕೈ ಚಾಚಿ, ಮುಂದೆ ಹೋಗಪ್ಪಾ ಅಂತ ಸನ್ನೆ ಮಾಡಿದ. ಎದುರಿನಿಂದ ಹತ್ತು ಮೈಲಿಯವರೆಗೆ ಒಂದು ಹಸು ಕೂಡ ಬರುತ್ತಿರಲಿಲ್ಲ. ಆದರೂ ಆ ಆಸಾಮಿ ಮುಂದೆ ಬರಲಿಲ್ಲ, ಹಾರ್ನನ್ನೂ ಬಿಡಲಿಲ್ಲ. ಹಿಂದಿನವನಿಗೆ ಅವಸರವಿದ್ದರೆ ಬದಿಗೆ ನಿಲ್ಲಿಸಿ ದಾರಿ ಬಿಡುವುದು ಈ ಸೀಮೆಯ ಮರ್ಯಾದೆ. ಗೇಲಾರ್ಡ್‌ನ ಪ್ರಕಾರ ಮರ್ಯಾದೆ ಎನ್ನುವುದು ಬೇರೆಯವರು ತನಗೆ ಕೊಡಬೇಕಾದದ್ದು.

ನಿಲ್ಲಿಸುವ ಅಭ್ಯಾಸವೇ ಅವನಿಗಿಲ್ಲ ಬಿಡಿ. ಅಡ್ಡರಸ್ತೆಗಳಲ್ಲಿ 'ನಿಲ್ಲಿ' ಎಂಬ ಕೆಂಪು ಫಲಕ ಕಂಡರೆ ಟೋಪಿ ಮುಟ್ಟಿ, ಅದೇ ವೇಗದಲ್ಲಿ ಮುಂದೆ ಹೋಗುತ್ತಾನೆ. ಊಟವೂ ಸ್ಟಿಯರಿಂಗ್ ಮೇಲೆಯೇ, ಹ್ಯಾಮ್ ಸ್ಯಾಂಡ್‌ವಿಚ್.

ಇವತ್ತು ಆ ಸ್ಯಾಂಡ್‌ವಿಚ್ಚನ್ನೂ ಅವನೇ ಮಾಡಿಕೊಂಡಿದ್ದ. ಹೆಂಡತಿ ಲವಾನ್ ಮಾತು ಬಿಟ್ಟಿದ್ದಳು.

ಜಗಳ ಶುರುವಾದದ್ದು ಬೆಳಿಗ್ಗೆ, ರಸ್ತೆಬದಿಯ ಹೋಟೆಲಿನಲ್ಲಿ, ಪ್ಯಾನ್‌ಕೇಕ್ ತಟ್ಟೆಗಳ ಮುಂದೆ. ವಿಷಯ ಹೊಸದಲ್ಲ. ಮೂರು ವರ್ಷದ ಹಿಂದೆ ಮನೆ ಮಾರಿ ಈ ಗಾಡಿ ಕೊಂಡಾಗ, ಲವಾನ್ ಊರಲ್ಲಿಲ್ಲದ ದಿನ ನೋಡಿ ಗೇಲಾರ್ಡ್ ಅವಳ ಪಿಯಾನೋವನ್ನು ಚರ್ಚಿಗೆ ದಾನ ಮಾಡಿದ್ದ. ಊರಿನ ಅರ್ಧ ಮಕ್ಕಳಿಗೆ ಅವಳು ಪಾಠ ಹೇಳಿದ್ದ ಪಿಯಾನೋ ಅದು. ಚರ್ಚಿನವರು ಅವನಿಗೆ ಧನ್ಯವಾದದ ಪತ್ರ ಕೊಟ್ಟರು. ಅವನು ಅದನ್ನು ಚೌಕಟ್ಟು ಹಾಕಿಸಿ ಗಾಡಿಯೊಳಗೆ ತೂಗುಹಾಕಿದ. ಪತ್ರದ ಕೆಳಗೇ ಲವಾನ್ ದಿನಾ ಅಡುಗೆ ಮಾಡಬೇಕು. ತಪ್ಪಾಯಿತು ಅನ್ನುವ ಒಂದು ಮಾತು ಮಾತ್ರ ಅವನ ಬಾಯಿಂದ ಇದುವರೆಗೆ ಉದುರಿರಲಿಲ್ಲ.

ಇವತ್ತು ಲವಾನ್ ಫೋರ್ಕ್ ಕೆಳಗಿಟ್ಟು ತಣ್ಣಗೆ ಹೇಳಿದ್ದಳು: "ಎಲ್ಡನ್‌ನಿಂದ ಲಿಂಕನ್‌ಗೆ ಎರಡು ಗಂಟೆಗೆ ಬಸ್ಸಿದೆ. ಅಷ್ಟರೊಳಗೆ ಹೇಳ್ಬೇಕಾದ್ದು ಹೇಳಿದ್ರೆ ಸರಿ. ಇಲ್ದಿದ್ರೆ ನಾನು ನಮ್ಮಕ್ಕನ ಮನೆಗೆ, ನೀನು ನಿನ್ನ ಗಾಡಿ ಜೊತೆಗೆ. ಅಲ್ಲೀವರೆಗೂ ನಿನ್ನ ಮುಖ ಕಾಣದ ಕಡೆ ಕೂತಿರ್ತೀನಿ."

ಎದ್ದು ಹೋದಳು. ಗೇಲಾರ್ಡ್ ಮಹಾಶಯ ಮೂರನೇ ಕಾಫಿ ಮುಗಿಸಿಯೇ ಎದ್ದ. ಗಾಡಿ ಹತ್ತಿ ನೋಡಿದರೆ ಹಿಂದಿನ ಮಲಗುವ ಕೋಣೆಯ ಬಾಗಿಲು ಮುಚ್ಚಿತ್ತು. ಅವಳ ಕೈಚೀಲ, ಫೋನು ಸೀಟಿನ ಮೇಲೇ ಇದ್ದವು. ಮುನಿಸು ಬಂದಾಗಲೆಲ್ಲ ಅವಳು ಸೇರುವುದು ಆ ಕೋಣೆಯನ್ನೇ. ಸಂಜೆಗೆ ಸರಿಹೋಗ್ತಾಳೆ ಅಂದುಕೊಂಡು ಎಂಜಿನ್ ಚಾಲೂ ಮಾಡಿದ.

ಆದರೆ ಎಲ್ಡನ್ ಮೂವತ್ತು ಮೈಲಿ ಅನ್ನುವ ಫಲಕ ದಾಟಿದಾಗ ಅವನಿಗೆ ಬೆಳಗಿನ ಮಾತು ನೆನಪಾಯಿತು. ಈ ಸಲ ಅವಳು ಕಿರುಚಿರಲಿಲ್ಲ. ಅಳಲೂ ಇಲ್ಲ. ಹೇಳಿದ್ದನ್ನು ಮಾಡೇಬಿಟ್ಟರೆ? ರಾತ್ರಿ ಯಾರ ಗೊರಕೆಯನ್ನು ಬೈಯುತ್ತಾ ಮಲಗುವುದು? ಗೇಲಾರ್ಡ್‌ಗೆ ಹೆದರಿಕೆಯಾಯಿತು. ಎಪ್ಪತ್ತೊಂದರ ಗಂಡಸಿಗೆ ಬರಬಾರದಂಥ ಹೆದರಿಕೆ.

ಕೆಮ್ಮಿದ. ಹಿಂದಿನ ಬಾಗಿಲಿಗೆ ಕೇಳುವ ಹಾಗೆ, ಎಂಜಿನ್ ಸದ್ದಿನ ಮೇಲೆ ಗಂಟಲೆತ್ತಿದ. ಮೊದಲು ಹವಾಮಾನ ಹೇಳಿದ. ಆಮೇಲೆ ಡೀಸೆಲ್ ದರ. ಅಲ್ಲಿಂದ ಹೇಗೋ ಪಿಯಾನೋಗೆ ಬಂದ.

"ಅದು ಮನೇಲಿದ್ರೆ ನೀನು ನನ್ನ ಜೊತೆ ಹೊರಡಲ್ಲ ಅಂತ ಹೆದರಿದ್ದೆ, ಲವಾನ್. ಗಾಡೀಲಿ ಜಾಗ ಇಲ್ಲ ಅಂದಿದ್ದೆಲ್ಲ ಸುಳ್ಳು. ಒಬ್ನೇ ಇರೋಕೆ ನಂಗೆ ಆಗಲ್ಲ. ತಪ್ಪು ನಂದೇ. ಕ್ಷಮಿಸಿಬಿಡು."

ಒಮ್ಮೆ ಕಟ್ಟೆ ಒಡೆದ ಮೇಲೆ ಹಿಡಿಯುವವರಾರು? ಅವಳ ತಾಯಿಯ ಅಂತ್ಯಕ್ರಿಯೆಗೆ ತಡವಾಗಿ ಹೋದದ್ದು, ಅವಳ ಹಾಡನ್ನು ನೆಂಟರೆದುರು ಅಣಕಿಸಿದ್ದು, ನಲವತ್ತಮೂರು ವರ್ಷದ ಒಂದೊಂದನ್ನೂ ತಾನೇ ಕೆದಕಿ ಒಪ್ಪಿಕೊಂಡ. ಕಣ್ಣು ಮಂಜಾಗಿ ರಸ್ತೆ ಕಾಣದೆ ಒಂದು ಬೇಲಿಗೂ ಗಾಡಿ ಉಜ್ಜಿದ. ಒಳಗಿನಿಂದ ಚಕಾರವಿಲ್ಲ. ಮೌನಂ ಸಮ್ಮತಿ ಲಕ್ಷಣಂ. ಅಳುತ್ತಿರಬೇಕು ಪಾಪ, ಎಂದು ಅವನಿಗೆ ಕರುಳು ಚುರುಕ್ಕೆಂದಿತು.

ಈ ಪವಿತ್ರ ಗಳಿಗೆಯುದ್ದಕ್ಕೂ ಹಿಂದಿನ ಆ ದರಿದ್ರದವನು ಹಾರ್ನ್ ಒತ್ತುತ್ತಲೇ ಇದ್ದ.

ಎಲ್ಡನ್ ಬಂತು. ಧಾನ್ಯ ತುಂಬಿಡುವ ಒಂದು ಗೋಪುರ, ಒಂದು ಪೆಟ್ರೋಲ್ ಬಂಕು, ಬಸ್ಸಿಗೆ ಕಾಯುವ ಒಂದು ಬೆಂಚು. ಎರಡಕ್ಕೆ ಹತ್ತು ನಿಮಿಷ ಇತ್ತು. ಗಾಡಿ ನಿಲ್ಲಿಸಿ, ಕೋಣೆಯ ಬಾಗಿಲನ್ನು ಮೆಲ್ಲಗೆ ತಟ್ಟಿ, "ಮಲಕ್ಕೋ, ಈಗ್ಬಂದೆ" ಅಂದ. ಬಾಗಿಲು ತೆರೆಯಲಿಲ್ಲ. ಹೊಸದಾಗಿ ಒಳ್ಳೆಯವನಾದ ಗಂಡ, ಬಲವಂತ ಮಾಡುತ್ತಾನೆಯೇ? ಟೈರು ತಟ್ಟಿ ನೋಡುವ ದೊಣ್ಣೆ ಹಿಡಿದು ಕೆಳಗಿಳಿದ. ಎದೆ ಹಗುರಾಗಿತ್ತು. ಆ ಹಾರ್ನಿನವನಿಗೆ ಬುದ್ಧಿ ಕಲಿಸುವುದೊಂದು ಬಾಕಿ.

ಧೂಳು ಮೆತ್ತಿ ಗಾಜೆಲ್ಲ ಮಣ್ಣಾಗಿದ್ದ ತನ್ನ ಕಾರನ್ನು ದಾಟಿ ಹಿಂದಕ್ಕೆ ಬಂದ. ಯಾರೂ ಇರಲಿಲ್ಲ. ಬಂದ ರಸ್ತೆ ಕಣ್ಣಿಗೆ ಕಾಣುವಷ್ಟು ದೂರವೂ ಖಾಲಿ. ದೊಣ್ಣೆ ಕಂಡು ಓಡಿದ ಹೇಡಿ ಅಂತ ಬೀಗುವಷ್ಟರಲ್ಲಿ, ಬೆನ್ನ ಹಿಂದೆಯೇ ಹಾರ್ನ್ ಕೂಗಿತು.

ತನ್ನದೇ ಕಾರಿನ ಗಾಜು ಕೆಳಗಿಳಿಯಿತು. "ಎಲ್ಡನ್ ಬಂತು, ಗೇಲಾರ್ಡ್," ಅಂದಳು ಲವಾನ್, ಬೆಳಿಗ್ಗೆಯಿಂದ ಒತ್ತಿ ಒತ್ತಿ ಕೆಂಪಾದ ಅಂಗೈಯನ್ನು ಉಜ್ಜಿಕೊಳ್ಳುತ್ತಾ. "ನಿಲ್ಲಿಸಿ ಬಂದು ಮಾತಾಡ್ತೀಯ ಅಂತ ಹಾರ್ನ್ ಹೊಡ್ಕೊಂಡೇ ಕಾದೆ. ಒಂದು ಮಾತೂ ಹೇಳ್ಲಿಲ್ಲ ನೀನು. ನನ್ನ ಪೆಟ್ಟಿಗೆ ಇಳಿಸಿಕೊಡು."