ಹಲ್ಲಿನ ಕಚ್ಚು

“ಈ ಕಂದು ಬಣ್ಣ ಹಲ್ಲಿನ ಒಳಗಡೆಯಿಂದ ಬಂದಿರೋದು,” ಎಂದರು ಡಾಕ್ಟರ್ ಜಲಜಾ, ಅಂಜಿನಯ್ಯನ ಮೇಲಿನ ತುಟಿಯನ್ನು ಎತ್ತಿ ಹಿಡಿದು. “ಕ್ಲೀನಿಂಗ್ ಮಾಡಿದ್ರೆ ಎಲೆ ಅಡಿಕೆ ಕಲೆ ಹೋಗುತ್ತೆ, ಅಷ್ಟೇ. ಬ್ಲೀಚಿಂಗ್‌ಗೂ ಇದು ಬಗ್ಗಲ್ಲ. ಬೆಳ್ಳಗೇ ಕಾಣ್ಬೇಕು ಅಂದ್ರೆ ವೆನೀರ್ ಹಾಕ್ಬೇಕು. ಹಲ್ಲಿನ ಮುಂಭಾಗ ಸ್ವಲ್ಪ ಉಜ್ಜಿ, ಮೇಲೆ ತೆಳ್ಳಗೆ ಪಿಂಗಾಣಿ ಅಂಟಿಸ್ತೀವಿ. ಒಂದ್ಸಲ ಉಜ್ಜಿದ್ಮೇಲೆ ಮುಗೀತು, ಆ ಹಲ್ಲು ವಾಪಸ್ ಬರಲ್ಲ.”

“ಅದೇ ಮಾಡಿ ಡಾಕ್ಟರ್,” ಎಂದಳು ಪಕ್ಕದಲ್ಲಿ ನಿಂತಿದ್ದ ಮಗಳು ಇಂಚರಾ. ಮುಂದಿನ ತಿಂಗಳು ಅವಳ ಮದುವೆ. ನಿಶ್ಚಿತಾರ್ಥದ ದಿನ ಫೋಟೋ ತೆಗೆಯುವವನು “ಅಂಕಲ್, ಬಾಯಿ ಮುಚ್ಕೊಂಡು ಸ್ಮೈಲ್ ಮಾಡಿ” ಎಂದದ್ದು, ಅಪ್ಪ ಮುಖ ಚಿಕ್ಕದು ಮಾಡಿಕೊಂಡು ತುಟಿ ಮುಚ್ಚಿಕೊಂಡದ್ದು ಅವಳ ಮನಸ್ಸಿನಿಂದ ಹೋಗಿರಲಿಲ್ಲ. ತನ್ನ ಜೊತೆ ಕೆಲಸ ಮಾಡುವವಳ ಅಕ್ಕನ ಕ್ಲಿನಿಕ್ ಬಸವೇಶ್ವರನಗರದಲ್ಲಿದೆ ಎಂದು ತಿಳಿದು, ಒತ್ತಾಯ ಮಾಡಿ ಕರೆತಂದಿದ್ದಳು.

ಡಾಕ್ಟರ ಕೈಯಲ್ಲಿದ್ದ ಪುಟ್ಟ ಕನ್ನಡಿ ಒಂದು ಕಡೆ ನಿಂತಿತು. “ಮುಂದಿನ ಎರಡು ಹಲ್ಲಿನ ತುದೀಲಿ ಕಚ್ಚು ಬಿದ್ದಿದೆಯಲ್ಲ? ಏನಾದ್ರೂ ಕಚ್ಚಿ ಹಿಡಿಯೋ ಅಭ್ಯಾಸ ಇದ್ಯಾ? ಏನ್ ಕೆಲಸ ಮಾಡ್ತೀರಿ ನೀವು?”

ಬಾಯಿ ತೆರೆದುಕೊಂಡೇ ಅಂಜಿನಯ್ಯ ಮಗಳ ಕಡೆ ನೋಡಿದ. ವಿಜಯನಗರದಿಂದ ಕೆಂಗೇರಿಯವರೆಗಿನ ಕಲ್ಯಾಣ ಮಂಟಪಗಳಲ್ಲಿ ಮೂವತ್ತು ವರ್ಷದಿಂದ ಸ್ಯಾಕ್ಸಫೋನ್ ನುಡಿಸುತ್ತ ಬಂದವನು ಅವನು. ವಾದ್ಯದ ತುದಿಯನ್ನು ಆ ಎರಡು ಹಲ್ಲುಗಳಿಂದಲೇ ಅದುಮಿ ಹಿಡಿದು ಊದಿ ಊದಿ ಅಲ್ಲಿ ಕಚ್ಚು ಬಿದ್ದಿತ್ತು. ಇಂಚರಾಗೆ ಅದು ಚೆನ್ನಾಗಿ ಗೊತ್ತು. ಆದರೆ ಶಾಲೆಯಲ್ಲಿ ‘ಓಲಗದೋರ ಮಗಳು’ ಎಂದು ಕರೆಸಿಕೊಂಡವಳು ಆಫೀಸಿನಲ್ಲಿ ಬೇರೆಯೇ ಹೇಳಿಕೊಂಡಿದ್ದಳು.

“ಅಪ್ಪ ಈವೆಂಟ್ ಮ್ಯಾನೇಜ್‌ಮೆಂಟ್ ಮಾಡ್ತಾರೆ ಡಾಕ್ಟರ್. ಅಭ್ಯಾಸ ಗಿಭ್ಯಾಸ ಏನೂ ಇಲ್ಲ. ಅಲ್ವಾ ಅಪ್ಪ?”

ಅಂಜಿನಯ್ಯ ಅಂಥ ಅಭ್ಯಾಸವೇನೂ ಇಲ್ಲವೆಂದು ತಲೆಯಾಡಿಸಿದ.

ಹೊಸ ಹಲ್ಲು ಬಂದ ದಿನ ಹೆಂಡತಿ ಇಂದ್ರಮ್ಮ, “ಇದೇನ್ರೀ, ಮದುವೆ ಅವಳದ್ದೋ ನಿಮ್ಮದೋ?” ಎಂದು ರೇಗಿಸಿದಳು. ಅಂಜಿನಯ್ಯ ಬಾಯಿ ತುಂಬ ನಕ್ಕ. ಅಪ್ಪ ಹಾಗೆ ನಕ್ಕದ್ದನ್ನು ನೋಡಿ ಇಂಚರಾಗೆ ಕಣ್ಣು ತುಂಬಿ ಬಂತು. ಸಂಜೆ ಅವನು ವಾದ್ಯ ಎತ್ತಿಕೊಂಡಾಗ ಅದರ ತುದಿ ಹಲ್ಲಿನ ಹಿಡಿತಕ್ಕೆ ಸಿಗದೆ ಜಾರಿತು. ಗಟ್ಟಿಯಾಗಿ ಕಚ್ಚಿದರೆ ಪಿಂಗಾಣಿ ಬಿರುಕು ಬಿಟ್ಟೀತೆಂಬ ಭಯ, ಸಡಿಲ ಬಿಟ್ಟರೆ ಸ್ವರ ಒಡೆಯುತ್ತಿತ್ತು. “ಹೊಸ ಚಪ್ಪಲಿ ಇದ್ದ ಹಾಗೆ ಕಣೇ, ಒಗ್ಗುತ್ತೆ,” ಎಂದು ಹೆಂಡತಿಗೆ ಹೇಳಿದ. ಒಗ್ಗಲಿಲ್ಲ. ಒಪ್ಪಿಕೊಂಡಿದ್ದ ಮದುವೆಗಳಿಗೆಲ್ಲ ಶಿಷ್ಯ ಸಂಪತ್‌ನನ್ನು ಕಳಿಸಿದ. ಯಾಕೆ ಹೋಗುತ್ತಿಲ್ಲ ಎಂದು ಮಗಳು ಕೇಳಿದ್ದಕ್ಕೆ, ನಿನ್ನ ಮದುವೆ ಓಡಾಟ ಮುಗಿಯಲಿ ಎಂದುಬಿಟ್ಟ.

ಆರತಕ್ಷತೆಯ ಸಂಜೆ ಛತ್ರ ತುಂಬಿತ್ತು. ಇಂಚರಾಳ ಆಫೀಸಿನವರು, ಡಾಕ್ಟರ್ ಜಲಜಾ ಎಲ್ಲ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಇದ್ದಕ್ಕಿದ್ದಂತೆ ಗಂಡಿನ ತಾತ, ಹೇರೋಹಳ್ಳಿಯ ದೊಡ್ಡಹನುಮಯ್ಯ ಮೈಕ್ ತೆಗೆದುಕೊಂಡರು.

“ನಮ್ಮ ದೊಡ್ಡ ಮಗನ ಮದುವೇಲಿ ಊದಿದ್ದು ನಮ್ಮ ಬೀಗರು ಅಂಜಿನಯ್ಯನೋರೇ. ಆ ನಾದ ಇನ್ನೂ ಕಿವೀಲಿದೆ. ಅವರ ಮನೆ ಹೆಣ್ಣು ಅಂದ ತಕ್ಷಣ ನಾನು ಎರಡು ಮಾತಾಡಲಿಲ್ಲ. ಬೀಗ್ರೇ, ಇವತ್ತು ಒಂದು ಕಲ್ಯಾಣಿ ಆಗ್ಬೇಕು!”

ಚಪ್ಪಾಳೆ ಬಿತ್ತು. ಅಂಜಿನಯ್ಯ ಬೇಡವೆಂದರೂ ಯಾರೂ ಬಿಡಲಿಲ್ಲ. ಸಂಪತ್ ಗುರುಗಳ ವಾದ್ಯವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಮೊದಲ ಎಳೆ ಸರಿಯಾಗಿಯೇ ಬಂತು. ರಾಗ ಮೇಲೇರುತ್ತಿದ್ದಂತೆ ಸ್ವರ ಕಿರ್ರೆಂದು ಒಡೆಯಿತು. ಎಲ್ಲೋ ಒಂದು ಮಗು ಕಿಲಕಿಲ ನಕ್ಕಿತು. ಮತ್ತೊಮ್ಮೆ ಎತ್ತಿಕೊಂಡ, ಮತ್ತೆ ಅಲ್ಲೇ ಒಡೆಯಿತು. ಅಂಜಿನಯ್ಯ ವಾದ್ಯದ ತುದಿಯನ್ನು ಶಲ್ಯದಿಂದ ಒರೆಸಿ, “ಮುಂದಕ್ಕೆ ನೀನು ಊದಪ್ಪ,” ಎಂದು ಸಂಪತ್‌ಗೆ ಕೊಟ್ಟು, ಎಲ್ಲರಿಗೂ ಕೈಮುಗಿದು ಕೆಳಗಿಳಿದ.

ಅಕ್ಷತೆ ಹಾಕಲು ಬಂದ ಡಾಕ್ಟರ್ ಜಲಜಾ ಇಂಚರಾಳ ಕಿವಿಯ ಬಳಿ ಬಗ್ಗಿದರು. “ಸ್ಯಾಕ್ಸಫೋನಾ? ಅವತ್ತು ಕೇಳಿದ್ನಲ್ಲಮ್ಮ. ಗೊತ್ತಿದ್ದಿದ್ರೆ ಆ ಎರಡು ಹಲ್ಲು ನಾನು ಮುಟ್ತಾನೇ ಇರಲಿಲ್ಲ.”

“ಈಗ ತೆಗೆದುಬಿಡೋಕಾಗಲ್ವಾ?”

“ತೆಗೆದ್ರೆ ಒಳಗಿರೋದು ಉಜ್ಜಿರೋ ಹಲ್ಲು. ಹೀಗೇ ಬಿಟ್ರೆ ಊದ್ತಾ ಊದ್ತಾ ಹೊಂದ್ಕೊಂಡ್ರೂ ಹೊಂದ್ಕೋಬಹುದು. ಹೇಳೋಕಾಗಲ್ಲ.”

ಜನ ಕರಗಿದ ಮೇಲೆ ಇಂಚರಾ ಸೀರೆಯ ನೆರಿಗೆ ಎತ್ತಿಕೊಂಡು ಊಟದ ಹಾಲ್‌ಗೆ ಓಡಿದಳು. ಕೊನೆಯ ಪಂಕ್ತಿಯಲ್ಲಿ ಅಪ್ಪ ಒಬ್ಬನೇ ಎಲೆಯ ಮುಂದೆ ಕುಳಿತಿದ್ದ.

“ನೀನಾದ್ರೂ ಡಾಕ್ಟರ್ ಹತ್ರ ನಿಜ ಹೇಳ್ಬೋದಿತ್ತಲ್ಲಪ್ಪ?”

ಅಂಜಿನಯ್ಯ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದ.

“ಹೇಳಿದ್ರೆ ಅವರ ಮುಂದೆ ನೀನು ಸುಳ್ಳಿ ಆಗ್ಬಿಡ್ತಿದ್ದೆಯಲ್ಲಮ್ಮ,” ಎಂದ. ಆಮೇಲೆ ಪಕ್ಕದ ಖಾಲಿ ಕುರ್ಚಿಯನ್ನು ಎಡಗೈಯಿಂದ ಎಳೆದ. “ಕೂತ್ಕೋ. ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀನು.”