ನೀರು ಕಾಣದ ಸೀತಾಳೆ

ಬಾಲ್ಕನಿಯಲ್ಲಿ, ಮಣ್ಣಿಲ್ಲದ ಪುಟ್ಟ ಬುಟ್ಟಿಗಳಲ್ಲಿ ಗಂಡನ ಸೀತಾಳೆ ಆರ್ಕಿಡ್‌ಗಳು ತೂಗುತ್ತಿದ್ದವು. ಗಾಳಿಯಲ್ಲಿ ಇಳಿಬಿದ್ದ ಅವುಗಳ ಬೇರಿಗೆ ದಿನವೂ ನೀರು ಚಿಮುಕಿಸುವ ಕೆಲಸ ಮಾತ್ರ ಅವಳದು.

"ಅಮ್ಮ ಕರೀತಿದಾಳೆ ರೀ. ಎಂಟು ದಿನ ಇದ್ದು ಬರ್ತೀನಿ."

"ಹೋಗು, ಯಾರು ಬೇಡ ಅಂದ್ರು? ಇವನ್ನೂ ಕರ್ಕೊಂಡು ಹೋಗು," ಎಂದು ಗಂಡ ಬುಟ್ಟಿಗಳತ್ತ ಕೈ ತೋರಿಸಿ ನಕ್ಕ.

"ನೀವೇ ನೀರು ಹಾಕಿ."

"ನನ್ನ ಕೈಗೆ ಒಗ್ಗಲ್ಲ ಕಣೆ. ಇವು ಇರೋವರೆಗೂ ನೀನು ಅಲ್ಲಾಡೋ ಹಾಗಿಲ್ಲ."

ವರ್ಷಗಳಿಂದ ಇದೇ ಮಾತು. ಇರುವವರೆಗೆ ತಾನೇ, ಎಂದುಕೊಂಡಳು ಅವಳು. ಚಳಿಗಾಲ ಪೂರ್ತಿ, ಗಂಡ ಆಫೀಸಿಗೆ ಹೊರಟ ಮೇಲೆ ಬಾಲ್ಕನಿಯ ಬಾಗಿಲನ್ನೇ ತೆರೆಯಲಿಲ್ಲ. ಬೇರುಗಳು ಬಿಳಿಚಿದವು, ಎಲೆಗಳು ಸುಕ್ಕಾದವು. ಅವಳು ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಒರೆಸಿಟ್ಟಳು.

ಬೇಸಿಗೆಯ ಮೊದಲಲ್ಲಿ ಒಂದು ಬೆಳಗ್ಗೆ ಗಂಡ ಬಾಲ್ಕನಿಯಿಂದ ಜೋರಾಗಿ ಕೂಗಿದ. ಬೈಗುಳಕ್ಕೆ ಸಿದ್ಧಳಾಗಿಯೇ ಹೋದಳು. ಪ್ರತಿ ಗಿಡದಲ್ಲೂ ಎಲೆಸಂದಿಯಿಂದ ಮೊಗ್ಗಿನ ಗೊಂಚಲು ಇಳಿದಿತ್ತು.

"ಈ ಒಣಗಿದ ಬೇರಿನ ಫೋಟೊ ನೋಡಿ ನರ್ಸರಿಯವರು ಹೇಳಿದ್ರು, ಚಳಿಗಾಲದಲ್ಲಿ ನೀರು ನಿಲ್ಲಿಸಿದ್ರೇನೇ ಇವು ಹೂ ಬಿಡೋದಂತೆ. ನಿಂಗೆ ಮೊದಲೇ ಗೊತ್ತಿತ್ತಲ್ಲ, ಕಳ್ಳಿ! ಇನ್ನೊಂದು ಡಜನ್ ಹೇಳಿದೀನಿ, ಸಂಜೆ ತಂದು ಕೊಡ್ತಾರೆ."